‘ಕಟ್’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕಿತ್ತು. ನಮ್ಮ ಸಿನಿಮಾ ಬಳಗದಲ್ಲಿ ಈಗ ಹಾಲಿವುಡ್‌ನ ಹಳೇ ನಿರ್ದೇಶಕರ ಬಗ್ಗೆ ಬಂದಿರುವ ಸಾಕ್ಷ್ಯಚಿತ್ರಗಳನ್ನು ತೋರಿಸುತ್ತಿದ್ದೇವೆ. ಅವಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ದೊಡ್ಡ ದೊಡ್ಡ ಪದಗಳೆಲ್ಲ ಹೇಗೋ ಸಲೀಸಾಗಿ ಕನ್ನಡಕ್ಕೆ ಬಂದವು. ಒಂದು ಚಿಕ್ಕ ಪದ ಮಾತ್ರ ಪ್ರತಿ ಚಿತ್ರದಲ್ಲೂ ಅಡ್ಡ ಬರುತ್ತಿದೆ: ‘ಕಟ್’.

‘ಸುಮ್ನೆ ಕಟ್ ಅಂತಲೇ ಬರೀರಿ, ಅದು ಯಾರಿಗೆ ಗೊತ್ತಿಲ್ಲ?’ ಅಂತ ಬಳಗದವರು ಹೇಳುತ್ತಾರೆ. ಗೊತ್ತು, ನಿಜ. ಗೊತ್ತಿರುವ ಅರ್ಥಗಳು ಜಾಸ್ತಿ ಆಗಿರುವುದೇ ತೊಂದರೆ. ಫೋನ್ ಕಟ್ ಆಗುತ್ತದೆ, ಕರೆಂಟ್ ಕಟ್ ಆಗುತ್ತದೆ, ಸಂಬಳದಲ್ಲಿ ಕಟ್ ಮಾಡುತ್ತಾರೆ. ಟಾಕೀಸಿನಲ್ಲಿ ರೀಲ್ ಕಟ್ ಆದರೆ ಜನ ಸಿಳ್ಳೆ ಹೊಡೆಯುತ್ತಿದ್ದರು. ಕನ್ನಡದಲ್ಲಿ ಕಟ್ ಅಂದರೆ ಹೆಚ್ಚಾಗಿ ನಿಂತುಹೋಯಿತು, ಇಲ್ಲವೇ ಕಡಿಮೆಯಾಯಿತು ಅಂತ. ಈ ನಿರ್ದೇಶಕರ ಬಾಯಲ್ಲಿ ಅದಕ್ಕೆ ಬೇರೆ ಬೇರೆ ಕೆಲಸಗಳಿವೆ.

ಎಲ್ಲಕ್ಕಿಂತ ಸುಲಭವಾಗಿದ್ದದ್ದನ್ನು ಮೊದಲು ಹೇಳುತ್ತೇನೆ. ಪೀಟರ್ ಬಾಗ್ಡನೋವಿಚ್ 1971ರಲ್ಲಿ ‘ಡೈರೆಕ್ಟೆಡ್ ಬೈ ಜಾನ್ ಫೋರ್ಡ್’ ಅನ್ನುವ ಸಾಕ್ಷ್ಯಚಿತ್ರ ಮಾಡಿದ. ಹಿನ್ನೆಲೆ ಮಾತು ಆರ್ಸನ್ ವೆಲ್ಸ್‌ನದು. ಫೋರ್ಡ್ ತನ್ನ ವೆಸ್ಟರ್ನ್‌ಗಳನ್ನು, ಅಂದರೆ ಕೌಬಾಯ್ ಚಿತ್ರಗಳನ್ನು, ತೆಗೆದ ಅಮೆರಿಕದ ಮಾನ್ಯುಮೆಂಟ್ ವ್ಯಾಲಿಯಲ್ಲೇ ಕೂತಿದ್ದಾನೆ. ಹಿಂದೆ ಆ ಕೆಂಪು ಬಂಡೆಗಳು. ಹುಡುಗ ಬಾಗ್ಡನೋವಿಚ್ ಕ್ಯಾಮೆರಾದ ಈಚೆಯಿಂದ ಚೆನ್ನಾಗಿ ಓದಿಕೊಂಡು ಬಂದ ಪ್ರಶ್ನೆಗಳನ್ನು ಕೇಳುತ್ತಾನೆ. ಮುದುಕ ಒಂದಕ್ಕೂ ಸರಿಯಾಗಿ ಉತ್ತರ ಕೊಡುವುದಿಲ್ಲ. 1926ರ ಮೂಕಿ ಚಿತ್ರದಲ್ಲಿ ಜಮೀನಿಗಾಗಿ ಗಾಡಿಗಳು ನುಗ್ಗುವ ದೃಶ್ಯವನ್ನು ಹೇಗೆ ತೆಗೆದಿರಿ ಅಂದರೆ, ‘ಕ್ಯಾಮೆರಾದಲ್ಲಿ’ ಅನ್ನುತ್ತಾನೆ. ಆಮೇಲೆ ‘ಫೋರ್ಟ್ ಅಪಾಚೆ’ ಬಗ್ಗೆ ಒಂದು ಉದ್ದನೆಯ ಪ್ರಶ್ನೆ: ಒಬ್ಬ ವ್ಯಕ್ತಿಗಿಂತ ಸೈನ್ಯದ ಪರಂಪರೆ ದೊಡ್ಡದು ಅನ್ನುವುದೇ ಆ ಚಿತ್ರದ ತಿರುಳು ಅಂತ ಒಪ್ಪುತ್ತೀರಾ? ಫೋರ್ಡ್ ಕೊಡುವ ಉತ್ತರ ಒಂದೇ ಪದ: ‘ಕಟ್!’

ಇಲ್ಲಿ ಏನು ಬರೆಯೋಣ? ‘ಸಾಕು’ ಅಂದರೆ ಅರ್ಥ ಸರಿ ಹೋಗುತ್ತದೆ, ‘ನಿಲ್ಸಯ್ಯ’ ಅಂದರೆ ದನಿಯೂ ಬರುತ್ತದೆ. ಆದರೆ ತಮಾಷೆ ಸತ್ತುಹೋಗುತ್ತದೆ. ಜೀವನವಿಡೀ ಬೇರೆಯವರ ಮೇಲೆ ಕೂಗಿದ ಮಾತನ್ನು ಅವನು ಇನ್ನೊಬ್ಬ ನಿರ್ದೇಶಕನ ಕ್ಯಾಮೆರಾಗೆ ಕೂಗುತ್ತಿದ್ದಾನೆ. ಇಂಟರ್‌ವ್ಯೂ ಯಾರದಾದರೂ ಇರಲಿ, ಸೆಟ್ ನನ್ನದು ಅನ್ನುವ ಹಾಗೆ. ಕನ್ನಡದ ಸೆಟ್ಟಿನಲ್ಲೂ ಆಕ್ಷನ್, ಕಟ್, ಪ್ಯಾಕಪ್ ಇವು ಮೂರೂ ಹಾಗೇ ಇವೆಯಲ್ವಾ. ಅಲ್ಲಿ ‘ಕಟ್!’ ಅಂತಲೇ ಬರೆದೆ. ಅದರಲ್ಲಿ ನನಗೇನೂ ಅನುಮಾನವಿಲ್ಲ.

ಮುಂದಿನದು ಅಷ್ಟು ಸುಲಭವಾಗಲಿಲ್ಲ. ಹಿಚ್‌ಕಾಕ್‌ನ ‘ಸೈಕೋ’ದ ಸ್ನಾನದ ಮನೆಯ ಕೊಲೆ ಒಂದರ ಮೇಲೇ ಪೂರ್ತಿ ಉದ್ದದ ಸಾಕ್ಷ್ಯಚಿತ್ರ ಇದೆ, 2017ರದ್ದು. ಹೆಸರೇ ‘78/52’. ಆ ದೃಶ್ಯಕ್ಕೆ ಕ್ಯಾಮೆರಾವನ್ನು 78 ಕಡೆ ಇಟ್ಟಿದ್ದಾರೆ, 52 ಕಟ್‌ಗಳಿವೆ ಅಂತ ಲೆಕ್ಕ. ‘78 ಸೆಟಪ್, 52 ಕಟ್’ ಅಂತ ಬರೆದು ಮನೆಯಲ್ಲಿ ತೋರಿಸಿದೆ. ‘ಅಯ್ಯೋ, ಅಷ್ಟು ಸಲ ಚುಚ್ಚಿದನಾ?’ ಅಂತ ಕೇಳಿದರು. ಚಾಕು ಹಿಡಿದಿರುವ ದೃಶ್ಯ ನೋಡುತ್ತಾ ‘52 ಕಟ್’ ಅಂತ ಓದಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಅವರದೇನೂ ತಪ್ಪಿಲ್ಲ. ಆ ದೃಶ್ಯದ ಮಜಾ ಇರುವುದೂ ಅಲ್ಲೇ. ಚಾಕು ಮೈಗೆ ನಾಟಿದ್ದು ನಮಗೆ ಸರಿಯಾಗಿ ಕಾಣುವುದೇ ಇಲ್ಲ. ಒಂದು ಶಾಟ್‌ನಿಂದ ಇನ್ನೊಂದಕ್ಕೆ ಅಷ್ಟು ಬೇಗ ಹಾರುವುದರಿಂದ ಇರಿದ ಹಾಗೆ ಅನಿಸುತ್ತದೆ.

ಈ ಹಾರುವ ಅರ್ಥ ಕನ್ನಡದ ಬಾಯಲ್ಲಿ ಆಗಲೇ ಇದೆ. ‘ಹುಡುಗ ರಾತ್ರೋರಾತ್ರಿ ಊರು ಬಿಟ್ಟ. ಕಟ್ ಮಾಡಿದ್ರೆ, ಬಾಂಬೇಲಿ ದೊಡ್ಡ ಡಾನ್!’ ನಿರ್ಮಾಪಕರಿಗೆ ಕಥೆ ಹೇಳುವವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರೂ ಹೀಗೆ ಹೇಳುತ್ತಾರೆ. ಈ ‘ಕಟ್ ಮಾಡಿದ್ರೆ’ಯಲ್ಲಿ ಕತ್ತರಿಸುವ ಮಾತೇ ಇಲ್ಲ. ಏನನ್ನೋ ತೆಗೆದುಹಾಕಿದ ಭಾವನೆಯೂ ಬರುವುದಿಲ್ಲ. ಎರಡು ದೃಶ್ಯಗಳು ಪಕ್ಕಪಕ್ಕ ಬಂದು ಡಿಕ್ಕಿ ಹೊಡೆಯುತ್ತವೆ, ಅಷ್ಟೇ. ಈ ಬಳಕೆಯನ್ನು ಯಾವ ನಿಘಂಟಿಗಾದರೂ ಸೇರಿಸಿದ್ದಾರಾ? ಸೇರಿಸಿಲ್ಲದಿದ್ದರೆ ಸೇರಿಸಬೇಕು ಅಂತ ನನ್ನ ಆಸೆ.

ಎಡಿಟಿಂಗ್‌ಗೆ ನಾವು ಟೈಟಲ್ ಕಾರ್ಡ್‌ನಲ್ಲಿ ಹಾಕುವ ಪದ ‘ಸಂಕಲನ’. ಶಾಲೆಯಲ್ಲಿ ಸಂಕಲನ, ವ್ಯವಕಲನ ಅಂತ ಕಲಿತೆವು. ಸಂಕಲನ ಅಂದರೆ ಕೂಡಿಸುವುದು. ಕವನ ಸಂಕಲನವೂ ಹಾಗೆಯೇ. ಅಕ್ಕಪಕ್ಕದವರದೂ ಇದೇ ದಾರಿ. ತೆಲುಗಿನವರು ‘ಕೂರ್ಪು’ ಅಂತ ಹಾಕುತ್ತಾರೆ, ತಮಿಳಿನವರು ‘ಪಡತ್ತೊಗುಪ್ಪು’, ಮಲಯಾಳದವರು ‘ಚಿತ್ರಸಂಯೋಜನಂ’. ಮೂರೂ ಜೋಡಿಸುವ ಪದಗಳೇ. ಫ್ರೆಂಚರ ‘ಮೊಂತಾಜ್’ ಕೂಡ ಅದೇ ಜಾತಿ. ಹಾಲಿವುಡ್‌ನವರು ಮಾತ್ರ ಕತ್ತರಿಯ ಕಡೆಯಿಂದ ಹೆಸರಿಟ್ಟರು. ಅಲ್ಲಿ ಎಡಿಟರ್‌ಗಳನ್ನು ಮೊದಲು ‘ಕಟರ್’ ಅಂತಲೇ ಕರೆಯುತ್ತಿದ್ದರು. ಅವರಲ್ಲಿ ಹೆಂಗಸರು ತುಂಬಾ ಇದ್ದರು. ನಿರ್ದೇಶಕ ಸೆಸಿಲ್ ಬಿ. ಡಿಮಿಲ್‌ಗೆ ದಶಕಗಳ ಕಾಲ ಎಡಿಟ್ ಮಾಡಿದ ಆ್ಯನ್ ಬಾಚೆನ್ಸ್ ಆ ವಿಭಾಗದಲ್ಲಿ ಆಸ್ಕರ್ ಪಡೆದ ಮೊದಲ ಹೆಂಗಸು. ಎಂಜಿಎಂ ಸ್ಟುಡಿಯೋದ ಎಡಿಟಿಂಗ್ ವಿಭಾಗವನ್ನು ಆಳಿದ ಮಾರ್ಗರೆಟ್ ಬೂತ್ ಕೆಲಸ ಶುರು ಮಾಡಿದ್ದು ಮೂಕಿ ಕಾಲದ ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್ ಹತ್ತಿರ, ಫಿಲ್ಮ್ ತುಂಡುಗಳನ್ನು ಅಂಟಿಸುವುದರಿಂದ. ಹೆಸರು ಕಟರ್, ಕೆಲಸ ಅಂಟಿಸುವುದು! ಹಾಗಾಗಿ ‘52 ಕಟ್’ಗೆ ‘52 ಜೋಡಣೆ’ ಅಂದರೆ ಅರ್ಥದಲ್ಲಿ ತಪ್ಪಿಲ್ಲ. ಆದರೆ ಕಾರ್ಪೆಂಟರ್ ಕೆಲಸದ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ‘78 ಕಡೆ ಕ್ಯಾಮೆರಾ ಇಟ್ಟು ತೆಗೆದು, 52 ಸಲ ಶಾಟ್ ಬದಲಿಸಿದ್ದಾರೆ’ ಅಂತ ಬಿಡಿಸಿ ಬರೆದಿದ್ದೇನೆ. ಸಬ್‌ಟೈಟಲ್‌ಗೆ ಉದ್ದವಾಯಿತು. ಅದೇ ಹಿಚ್‌ಕಾಕ್‌ನ ‘ರೋಪ್’ ವಿಷಯ ಬಂದಾಗ ಮಾತ್ರ ‘ಜೋಡಣೆ’ ಚೆನ್ನಾಗಿ ಕೂತಿತು. ಇಡೀ ಚಿತ್ರ ಒಂದೇ ಶಾಟ್‌ನ ಹಾಗೆ ಕಾಣಬೇಕಿತ್ತು. ಆದರೆ ಕ್ಯಾಮೆರಾದಲ್ಲಿ 1000 ಅಡಿ ಫಿಲ್ಮ್ ಹಿಡಿಯುತ್ತಿತ್ತು, ಸುಮಾರು 11 ನಿಮಿಷ. ಅದು ಮುಗಿಯುವ ಹೊತ್ತಿಗೆ ಕೆಲವು ಕಡೆ ಕ್ಯಾಮೆರಾ ಯಾರದೋ ಕಪ್ಪು ಕೋಟಿನ ಬೆನ್ನಿಗೆ ಹೋಗಿ ಅಂಟಿಕೊಳ್ಳುತ್ತದೆ. ‘ಜೋಡಣೆ ಕಾಣದ ಹಾಗೆ ಮರೆಮಾಡಿದ’ ಅಂದರೆ ಕೆಲಸ ಮುಗಿಯಿತು.

ಈಗ ನನ್ನ ತಲೆ ನಿಜವಾಗಿ ಕೆಡಿಸಿರುವ ಬಳಕೆಗೆ ಬರುತ್ತೇನೆ: ‘ಡೈರೆಕ್ಟರ್ಸ್ ಕಟ್’ ಮತ್ತು ‘ಫೈನಲ್ ಕಟ್’. ಮೊದಲನೆಯದಕ್ಕೆ ಒಬ್ಬರು ‘ನಿರ್ದೇಶಕರ ಕತ್ತರಿ’ ಅಂತ ಸೂಚಿಸಿದರು. ಕನ್ನಡ ಪತ್ರಿಕೆ ಓದುವವರಿಗೆ ಕತ್ತರಿ ಅಂದ ಕೂಡಲೇ ಸೆನ್ಸಾರ್ ನೆನಪಾಗುತ್ತದೆ. ಕತ್ತರಿ ಪ್ರಯೋಗ, ಕತ್ತರಿ ಆಡಿಸಿದರು, ಎಲ್ಲ ಆ ಕಡೆಯ ಮಾತುಗಳೇ. ಸ್ಟುಡಿಯೋ ಕತ್ತರಿಸಿದ್ದನ್ನು ನಿರ್ದೇಶಕ ವಾಪಸ್ ಸೇರಿಸಿದ ಚಿತ್ರಕ್ಕೆ ‘ನಿರ್ದೇಶಕರ ಕತ್ತರಿ’ ಅಂದರೆ ಅರ್ಥ ಪೂರ್ತಿ ಉಲ್ಟಾ.

ನಿರ್ದೇಶಕ ಆರ್ಸನ್ ವೆಲ್ಸ್ ಬಗ್ಗೆ ಬರೆಯುವಾಗ ಈ ವ್ಯತ್ಯಾಸ ಬಹಳ ಮುಖ್ಯ. ‘ಸಿಟಿಜನ್ ಕೇನ್’ಗೆ ಆರ್‌ಕೆಒ ಸ್ಟುಡಿಯೋ ಅವನಿಗೆ ಫೈನಲ್ ಕಟ್ ಕೊಟ್ಟಿತ್ತು. ಚಿತ್ರ ಕೊನೆಗೆ ಹೇಗಿರಬೇಕು ಅನ್ನುವುದು ಅವನ ಕೈಲಿತ್ತು. ಮುಂದಿನ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಹೊತ್ತಿಗೆ ಆ ಹಕ್ಕು ಕೈಬಿಟ್ಟಿತ್ತು. 1942ರಲ್ಲಿ ಅವನು ಇನ್ನೊಂದು ಚಿತ್ರಕ್ಕೆ ಬ್ರೆಜಿಲ್‌ಗೆ ಹೋದ. ಇತ್ತ ಪ್ರೇಕ್ಷಕರ ಮುಂದೆ ಮೊದಲ ಪ್ರದರ್ಶನ ನೆಲಕಚ್ಚಿತು. ಎರಡು ಗಂಟೆಗೂ ಮೀರಿದ್ದ ಚಿತ್ರವನ್ನು ಸ್ಟುಡಿಯೋ 88 ನಿಮಿಷಕ್ಕೆ ಇಳಿಸಿತು. ಬೇರೆ ಕೊನೆ ತೆಗೆಸಿ ಹಾಕಿದರು. ಕತ್ತರಿಸಿದ ಭಾಗವನ್ನು ಇಟ್ಟುಕೊಳ್ಳಲೂ ಇಲ್ಲ, ನಾಶ ಮಾಡಿದರು. ಇಲ್ಲಿ ‘ಫೈನಲ್ ಕಟ್’ಗೆ ‘ಅಂತಿಮ ಸಂಕಲನ’ ಅಂತ ಬರೆದರೆ ಯಾವುದೋ ಟೇಬಲ್ ಮೇಲಿನ ಕೆಲಸದ ಹಂತ ಅನಿಸುತ್ತದೆ. ವಿಷಯ ಅಧಿಕಾರದ್ದು. ‘ಕೇನ್‌ನಲ್ಲಿ ಕೊನೇ ಮಾತು ವೆಲ್ಸ್‌ನದು, ಆಂಬರ್ಸನ್ಸ್‌ನಲ್ಲಿ ಕೊನೇ ಮಾತು ಸ್ಟುಡಿಯೋದ್ದು.’ ಹೀಗೆ ಬರೆದಾಗ ಯಾರೂ ಮತ್ತೆ ಏನು ಅಂತ ಕೇಳಲಿಲ್ಲ. ‘ಕೊನೇ ಮಾತು’ ಮನೆ ಪಂಚಾಯ್ತಿಯಿಂದ ಬಂದ ಪದ ಅನ್ನಬಹುದು. ಹಾಲಿವುಡ್‌ನಲ್ಲಿ ಆಗುತ್ತಿದ್ದದ್ದೂ ಹೆಚ್ಚುಕಮ್ಮಿ ಅದೇ.

‘ಡೈರೆಕ್ಟರ್ಸ್ ಕಟ್’ಗೆ ‘ನಿರ್ದೇಶಕರ ಆವೃತ್ತಿ’ ಸಾಕು ಅಂತ ಅಂದುಕೊಂಡಿದ್ದೆ. ‘ಟಚ್ ಆಫ್ ಇವಿಲ್’ ಬಂದು ಅದನ್ನೂ ಅಲ್ಲಾಡಿಸಿತು. 1958ರ ಆ ಚಿತ್ರವನ್ನು ಯೂನಿವರ್ಸಲ್‌ನವರು ತಮಗೆ ಬೇಕಾದ ಹಾಗೆ ಬದಲಿಸಿದರು. ಅದನ್ನು ನೋಡಿ ವೆಲ್ಸ್ ಏನೇನು ಸರಿಪಡಿಸಬೇಕು ಅಂತ 58 ಪುಟಗಳ ಟಿಪ್ಪಣಿ ಬರೆದು ಕಳಿಸಿದ. ಅವನು ತೀರಿಕೊಂಡದ್ದು 1985ರಲ್ಲಿ. ಎಡಿಟರ್ ವಾಲ್ಟರ್ ಮರ್ಚ್ ಆ ಟಿಪ್ಪಣಿ ಹಿಡಿದು ಚಿತ್ರವನ್ನು ಮತ್ತೆ ಜೋಡಿಸಿದ್ದು 1998ರಲ್ಲಿ. ಶುರುವಿನಲ್ಲಿ ಕ್ರೇನ್ ಮೇಲೆ ಮೂರು ನಿಮಿಷಕ್ಕೂ ಜಾಸ್ತಿ ಹೊತ್ತು ತೇಲುವ ಶಾಟ್ ಇದೆಯಲ್ಲ, ಮೊದಲು ಅದರ ಮೇಲೆ ಹೆಸರುಗಳು ಬರುತ್ತಿದ್ದವು. ಈಗ ಅವಿಲ್ಲ. ಇದು ನಿರ್ದೇಶಕರ ಆವೃತ್ತಿಯಾ? ಅವನು ನೋಡಲೇ ಇಲ್ಲವಲ್ಲ! ‘ವೆಲ್ಸ್ ಟಿಪ್ಪಣಿಯಂತೆ ಮರುಜೋಡಿಸಿದ ಚಿತ್ರ’ ಅಂತ ಬರೆದೆ. ನಿರ್ದೇಶಕ ತಾನೇ ಸರಿಪಡಿಸಿದ್ದು, ಅವನ ಟಿಪ್ಪಣಿ ನೋಡಿ ಬೇರೆಯವರು ಜೋಡಿಸಿದ್ದು, ಎರಡಕ್ಕೂ ಒಂದೇ ಹೆಸರು ಕೊಡಲು ಮನಸ್ಸು ಒಪ್ಪಲಿಲ್ಲ.

ಮತ್ತೆ ಫೋರ್ಡ್ ವಿಷಯಕ್ಕೆ. ಅವನು ‘ಕ್ಯಾಮೆರಾದಲ್ಲೇ ಕಟ್ ಮಾಡುತ್ತಿದ್ದ’ ಅನ್ನುತ್ತಾರೆ. ಬೇಕಾದ ಶಾಟ್ ಮಾತ್ರ ತೆಗೆಯುವುದು, ಹೆಚ್ಚಿಗೆ ಒಂದಡಿ ಕೊಡಬಾರದು. ಸ್ಟುಡಿಯೋದವರು ಆಮೇಲೆ ಬೇರೆ ಥರ ಜೋಡಿಸೋಣ ಅಂದರೆ ಅವರ ಹತ್ತಿರ ಸಾಮಾನೇ ಇರಬಾರದು. ಘಾಟಿ ಮುದುಕ. ‘ಕ್ಯಾಮೆರಾದಲ್ಲೇ ಕತ್ತರಿಸುತ್ತಿದ್ದ’ ಅಂದರೆ ಫಿಲ್ಮ್ ಒಳಗೇ ಹರಿದುಹೋಯಿತು ಅನ್ನುವ ಹಾಗಿದೆ. ‘ಶೂಟಿಂಗ್‌ನಲ್ಲೇ ಎಡಿಟಿಂಗ್ ಮುಗಿಸುತ್ತಿದ್ದ’ ಅಂತ ಬರೆದಿದ್ದೇನೆ. ಸೆಟ್ಟಿನಲ್ಲಿ ಕೆಲಸ ಮಾಡುವವರು ಇದಕ್ಕೆ ಏನನ್ನುತ್ತೀರಿ?

ಇನ್ನೊಂದು ಕಾಗುಣಿತದ ಗೋಳು. ‘ಪ್ರತಿ ಕಟ್ಟಿಗೂ ಒಂದು ಕಾರಣವಿದೆ’ ಅಂತ ಬರೆದರೆ ಸೌದೆ ನೆನಪಾಗುತ್ತದೆ. ‘ಕಟ್ಟು’ ಅಂದರೆ ನಮಗೆ ಕಟ್ಟುವುದು, ಹೂ ಕಟ್ಟಿದ ಹಾಗೆ. ಕಟ್‌ಗೆ ನೇರ ವಿರುದ್ಧ. ನಾನು ‘ಕಟ್‌ಗೆ’, ‘ಕಟ್‌ನಲ್ಲಿ’ ಅಂತ ಬಿಡಿಸಿ ಬರೆಯುತ್ತಿದ್ದೇನೆ. ಇದಕ್ಕೆ ಯಾರದಾದರೂ ತಕರಾರು ಇದೆಯಾ?

ಎಡಿಟಿಂಗ್ ರೂಮಿನ ಒಳಗಿರುವವರು ‘ರಫ್ ಕಟ್’ಗೆ, ಅಂದರೆ ಚಿತ್ರದ ಮೊದಲ ಒರಟು ಜೋಡಣೆಗೆ, ಕನ್ನಡದಲ್ಲಿ ಏನಾದರೂ ಹೇಳುವುದುಂಟಾ ಅಂತ ತಿಳಿಸಿ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜದ ಶಿಬಿರಗಳಿಗೆ ಹೋದವರು ಇಲ್ಲಿದ್ದರೆ ಇನ್ನೊಂದು ಕೇಳಬೇಕು. ಅಲ್ಲಿ ಹಳ್ಳಿಯ ಜನರಿಗೆ ಲೋಕದ ಸಿನಿಮಾಗಳನ್ನು ತೋರಿಸಿ ಕನ್ನಡದಲ್ಲೇ ವಿವರಿಸುತ್ತಿದ್ದರಲ್ಲ. ಶಾಟ್‌ನಿಂದ ಶಾಟ್‌ಗೆ ಹಾರುವ ಈ ‘ಕಟ್’ ಅನ್ನು ಆಗ ಏನಂತ ಹೇಳುತ್ತಿದ್ದರು? ಹಳೇ ಟಿಪ್ಪಣಿ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ಸ್ವಲ್ಪ ತೆಗೆದು ನೋಡಿ ಹೇಳಿ.