ಬಿಎಂಐ 27.6 ಅಂತ ವಿಮೆಯವರು ಪ್ರೀಮಿಯಂ ಏರಿಸಿದ್ದಾರೆ. ನಾನು ಫಿಟ್ ಹೌದೋ ಅಲ್ವೋ?

ಆಲ್ದೂರು ರೈಟರ್

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ತಾಲ್ಲೂಕು ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ ನನ್ನದು, ಅಂದ್ರೆ ಆಳುಗಳ ಹಾಜರಿ, ತೋಟದ ಲೆಕ್ಕ ನೋಡೋದು. ವಯಸ್ಸು 41, ಎತ್ತರ 168 ಸೆಂ.ಮೀ., ತೂಕ 78 ಕೆ.ಜಿ. ಮನೆಯವರಿಗೆಲ್ಲ ಸೇರಿಸಿ ಆರೋಗ್ಯ ವಿಮೆ ಮಾಡಿಸೋಣ ಅಂತ ಹೋದೆ. ಮೆಡಿಕಲ್ ಆಯ್ತು, ಆಮೇಲೆ ಫೋನ್ ಬಂತು: ‘ಸರ್, ನಿಮ್ಮ ಬಿಎಂಐ 27.6 ಇದೆ, ಅಧಿಕ ತೂಕ, ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತೆ.’ ಕೆ.ಜಿ. ತೂಕವನ್ನ ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದ್ರೆ ಬರೋ ಅಂಕಿಯಂತೆ ಈ ಬಿಎಂಐ. ರಿಪೋರ್ಟಲ್ಲಿ ನನ್ನ ಹೆಸರಿನ ಮುಂದೆ ಕಿತ್ತಳೆ ಬಣ್ಣ ಬಳಿದಿದ್ದಾರೆ. ಕಂಪನಿ ಹೆಸರು ಬೇಡ, ಎಲ್ಲರೂ ಅದೇ ಥರ ಅಂತ ಏಜೆಂಟ್ ಹೇಳಿದ.

ಮಾರಾಯ್ರೆ, ಬೆಳಿಗ್ಗೆ ಏಳೂವರೆಗೆ ಹಾಜರಿ ಕರೆದು ತೋಟಕ್ಕೆ ಇಳಿದ್ರೆ ಸಂಜೆ ಹಣ್ಣು ತೂಗಿ ಮುಗಿಯೋ ತನಕ ಕಾಲಿಗೆ ವಿರಾಮ ಇಲ್ಲ. ಏರು ಇಳಿಜಾರು ಎಲ್ಲ ನಡೆದೇ ನೋಡ್ಬೇಕು. ಇತ್ಲಾಗೆ ಹೆಂಡತಿ ತಮ್ಮ ಬೆಂಗಳೂರಲ್ಲಿ ಸಾಫ್ಟ್‌ವೇರ್. 172 ಸೆಂ.ಮೀ., 66 ಕೆ.ಜಿ. ಅವನದ್ದು 22.3, ಹಸಿರು ಬಣ್ಣ. ದೀಪಾವಳಿಗೆ ಬಂದಿದ್ದಾಗ ಸರ್ಪದಾರಿ ಕಡೆಯಿಂದ ಮುಳ್ಳಯ್ಯನಗಿರಿ ಹತ್ತಿಸ್ದೆ. ಅರ್ಧಕ್ಕೇ ಬಂಡೆ ಮೇಲೆ ಕೂತ, ಮುಖ ಬಿಳಿಚಿಕೊಂಡಿತ್ತು. ಅವನ ಬ್ಯಾಗೂ ನನ್ನ ಹೆಗಲಿಗೇ ಬಂತು. ಈಗ ಹೇಳಿ, ಜಾಸ್ತಿ ದುಡ್ಡು ಯಾರು ಕಟ್ಟಬೇಕು?

ನಮ್ಮಲ್ಲಿ ಕಾಫಿ ವ್ಯಾಪಾರಿ ಕೂಡ 50 ಕೆ.ಜಿ. ಚೀಲ ಅಂತ ಬರೀ ತೂಕ ನೋಡಿ ರೇಟು ಹೇಳಲ್ಲ. ಒಂದು ಹಿಡಿ ತೆಗೆದು ತೇವಾಂಶದ ಮೀಟರಿಗೆ ಹಾಕ್ತಾನೆ, ಸಿಪ್ಪೆ ಬಿಡಿಸಿ ಔಟ್‌ಟರ್ನ್ (ಒಳಗಿನ ಬೀಜ) ಎಷ್ಟು ಅಂತ ನೋಡ್ತಾನೆ, ಆಮೇಲೇ ಬಾಯಿ ಬಿಡೋದು. ಮನುಷ್ಯನ ವಿಷಯದಲ್ಲಿ ಮಾತ್ರ ತಕ್ಕಡಿ ಒಂದೇ ಸಾಕಾ? ಈ ಬಿಎಂಐ ಲೆಕ್ಕ ಕಟ್ಟಿದ್ದು ಯಾರು, ಫಿಟ್ ಇದೀನೋ ಇಲ್ವೋ ಅಂತ ನೋಡೋಕೆ ಬೇರೆ ಎಂತ ಇದೆ? ತಿಳಿದವರು ಹೇಳಿ.

ಹೊಳೇನರಸೀಪುರ ಹೈದ

ಇದೆಲ್ಲ ಬೊಗಳೆ ಅಣ್ಣ. ನಮ್ಮ ತಾತ ಮೂರು ಹೊತ್ತೂ ಮುದ್ದೆ ತಿಂದು ತೊಂಬತ್ತು ವರ್ಷ ಬಾಳಿದ್ರು. ಬಿಎಂಐ ಗಿಎಂಐ ಯಾರು ಕೇಳಿದ್ರು ಆಗ?

ಲ್ಯಾಬ್ ಅಕ್ಕ, ಹಾಸನ

ತಾತನ ಜೊತೆ ಹುಟ್ಟಿ ಐವತ್ತಕ್ಕೇ ಹೋದವರ ಲೆಕ್ಕ ನಮ್ಮ ಯಾರ ಮನೇಲೂ ಬರೆದಿಟ್ಟಿಲ್ಲಪ್ಪ, ಅದಕ್ಕೇ ತಾತ ಒಬ್ಬರೇ ನೆನಪಲ್ಲಿರೋದು.

ರೈಟರ್ ಅಣ್ಣ, ನಾನು ಡಾಕ್ಟರ್ ಅಲ್ಲ. ಹಾಸನದಲ್ಲಿ ರಕ್ತಪರೀಕ್ಷೆ ಲ್ಯಾಬಲ್ಲಿ ಟೆಕ್ನಿಷಿಯನ್. ನೀವು ಕೇಳಿದ್ದಕ್ಕೆ ಗೊತ್ತಿರೋದನ್ನ ಹೇಳ್ತೀನಿ.

ಈ ಲೆಕ್ಕ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅಂತ ಒಬ್ಬ, ಖಗೋಳ ಮತ್ತು ಗಣಿತದವನು. 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ ಹೇಗಿರ್ತಾನೆ ಅಂತ ಅಂಕಿಅಂಶದಲ್ಲಿ ಹುಡುಕ್ತಿದ್ದಾಗ, ಬೆಳೆದವರ ತೂಕ ಹೆಚ್ಚುಕಮ್ಮಿ ಎತ್ತರದ ವರ್ಗಕ್ಕೆ (ಎತ್ತರ × ಎತ್ತರ) ತಕ್ಕ ಹಾಗೆ ಏರುತ್ತೆ ಅಂತ ಕಂಡುಕೊಂಡ. ಇವನಿಗೆ ಬೊಜ್ಜಿದೆ, ಅವನಿಗಿಲ್ಲ ಅಂತ ಹೇಳೋದು ಅವನ ಉದ್ದೇಶವೇ ಆಗಿರಲಿಲ್ಲ. ಬಿಎಂಐ ಅನ್ನೋ ಹೆಸರು ಬಂದದ್ದು 1972ರಲ್ಲಿ. ಅಮೆರಿಕದ ಆನ್ಸೆಲ್ ಕೀಸ್ ಮತ್ತವರ ಜೊತೆಯವರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆ ಇಟ್ಟುಕೊಂಡು ಎತ್ತರ-ತೂಕದ ಸೂತ್ರಗಳನ್ನೆಲ್ಲ ಹೋಲಿಸಿ ನೋಡಿದ್ರು. ಪೂರ್ತಿ ತೃಪ್ತಿ ಇಲ್ಲದಿದ್ರೂ ಉಳಿದವಕ್ಕಿಂತ ಕಡೆ ಏನಲ್ಲ, ಲೆಕ್ಕ ಹಾಕೋಕೂ ಸುಲಭ ಅನ್ನೋದು ಅವರ ತೀರ್ಮಾನ. ಅಳೆದದ್ದು ಗಂಡಸರನ್ನ ಮಾತ್ರ, ಅದನ್ನೂ ಗಮನಿಸಿ. ಸಾವಿರಾರು ಜನರ ಗುಂಪು ನೋಡೋಕೆ ಅದು ಈಗಲೂ ಒಳ್ಳೇದೇ. ಒಬ್ಬ ಮನುಷ್ಯನ ಹಣೆಗೆ ಅಂಟಿಸೋವಾಗ ತೊಂದರೆ. ಸ್ನಾಯು ಯಾವುದು, ಕೊಬ್ಬು ಯಾವುದು, ಕೊಬ್ಬು ತೊಡೆಯಲ್ಲಿದೆಯೋ ಹೊಟ್ಟೆ ಒಳಗಿದೆಯೋ ಅಂತ ಅದಕ್ಕೆ ಗೊತ್ತಾಗಲ್ಲ.

ಇಷ್ಟು ಓದಿ ಖುಷಿಯಾಗಿರ್ತೀರ. ಈಗ ಮುಂದಿನದು ಕೇಳಿ. ನಿಮಗೆ ‘ಅಧಿಕ ತೂಕ’ ಅಂತ ಬರೆದಿರೋದು 25ರಿಂದ 30ರ ಅಂತರರಾಷ್ಟ್ರೀಯ ಲೆಕ್ಕದಲ್ಲಿ. ಏಷ್ಯಾದವರಿಗೆ 23 ಮತ್ತು 27.5ರಲ್ಲೇ ಎಚ್ಚರಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ 2004ರಲ್ಲಿ ಹೇಳಿದಾರೆ. 2009ರಲ್ಲಿ ನಮ್ಮ ದೇಶದ ವೈದ್ಯರು ಸೇರಿ ಮಾಡಿದ ಮಾರ್ಗಸೂಚಿಯಲ್ಲಿ 23 ದಾಟಿದ್ರೆ ಅಧಿಕ ತೂಕ, 25 ಮುಟ್ಟಿದ್ರೆ ಬೊಜ್ಜು. ಆ ಲೆಕ್ಕದಲ್ಲಿ ವಿಮೆಯವರು ನಿಮಗೆ ರಿಯಾಯಿತಿಯನ್ನೇ ತೋರಿಸಿದಾರೆ.

ನಿಮ್ಮ ಬಾಮೈದನ 22.3 ನೋಡಿ ನನಗೆ ನಗು ಬಂತು, ಯಾಕೆ ಅಂದ್ರೆ ಈ ವಿಷಯದಲ್ಲಿ ಅದು ಹೆಸರುವಾಸಿ ಅಂಕಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರದ್ದೂ ಬಿಎಂಐ ಸರಿಯಾಗಿ 22.3. ಸ್ಕ್ಯಾನ್ ಮಾಡಿ ನೋಡಿದ್ರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ಇಬ್ಬರೂ ಪಕ್ಕಪಕ್ಕ ನಿಂತ ಫೋಟೊ ಸಮೇತ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು, ನಮ್ಮ ಕಡೆಯವರ ಜಾಯಮಾನವೇ ಅದು.

ಅದನ್ನ ನಾನು ಲ್ಯಾಬಲ್ಲಿ ಕಣ್ಣಾರೆ ನೋಡ್ತೀನಿ. ರಕ್ತದ ಟ್ಯೂಬನ್ನ ಸೆಂಟ್ರಿಫ್ಯೂಜಿಗೆ ಹಾಕಿ ತಿರುಗಿಸಿದ್ರೆ ಕೆಂಪು ಕಣ ಎಲ್ಲ ಕೆಳಗೆ ಕೂರುತ್ತೆ, ಮೇಲೆ ತಿಳಿ ಹಳದಿ ಸೀರಂ ನಿಲ್ಲುತ್ತೆ. ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಒಂದು ಬಗೆ ಕೊಬ್ಬು) ತೀರಾ ಏರಿದವರದ್ದು ತಿಳಿಯಾಗಿ ನಿಲ್ಲಲ್ಲ, ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕಾಣುತ್ತೆ. ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದ್ರೆ ಆಚೆ ಬದಿಗಿರೋ ಬೆರಳು ಕಾಣಲ್ಲ. ಹೆಸರು ನೋಡಿ ಹೊರಗೆ ಕೂಗಿದ್ರೆ ಎದ್ದು ಬರೋನು ಎಷ್ಟೋ ಸಲ ಕಡ್ಡಿ ಥರ ಇರೋ ಹುಡುಗ, ಪ್ಯಾಂಟು ಸೊಂಟದಲ್ಲಿ ನಿಲ್ಲಲ್ಲ.

ಮೊದಲು ಒಂದು ದರ್ಜಿ ಟೇಪ್ ತಗೊಳ್ಳಿ. ಕಡೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬಟ್ಟೆ ಸರಿಸಿ, ಹೊಟ್ಟೆ ಒಳಗೆಳೀದೆ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. ಪ್ಯಾಂಟಿನ ಸೈಜ್ ಹೇಳಬೇಡಿ, ಗಂಡಸರೆಲ್ಲ ಪ್ಯಾಂಟನ್ನ ಹೊಟ್ಟೆ ಕೆಳಗೆ ಕಟ್ಟಿಕೊಂಡು 34 ಅಂತಾರೆ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಇನ್ನೊಂದು ಲೆಕ್ಕ, ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಬೇಕು. ಅಳೆದು ಇಲ್ಲೇ ಹಾಕಿ.

ಅರಸೀಕೆರೆ ಕೋಚ್

ಅಕ್ಕ ಹೇಳಿದ್ದು ರೋಗದ ಲೆಕ್ಕ. ಫಿಟ್‌ನೆಸ್ ಲೆಕ್ಕ ನಾನು ಹೇಳ್ತೀನಿ, ಎರಡೂ ಬೇರೆ ಬೇರೆ.

ಕಾನ್‌ಸ್ಟೇಬಲ್ ಪರೀಕ್ಷೆಗೆ ಹುಡುಗರನ್ನ ತಯಾರು ಮಾಡ್ತೀನಿ. ಗಂಡು ಹುಡುಗರಿಗೆ 1600 ಮೀಟರ್ ಓಟ, ಆರೂವರೆ ನಿಮಿಷದೊಳಗೆ. 400 ಮೀಟರ್ ಟ್ರ್ಯಾಕಲ್ಲಿ ನಾಲ್ಕು ಸುತ್ತು. ಬಿಎಂಐ 19 ಇರೋ ಹುಡುಗ್ರು ಮೂರನೇ ಸುತ್ತಲ್ಲಿ ಬೇಲಿ ಹತ್ರ ವಾಂತಿ ಮಾಡ್ಕೊಳ್ಳೋದನ್ನ ನೋಡಿದೀನಿ. 7.26 ಕೆ.ಜಿ. ಗುಂಡು ಎಸೆಯೋ ಹುಡುಗ ಒಬ್ಬ ಇದಾನೆ, ಬಿಎಂಐ 29, ತೊಡೆ ನೋಡಿದ್ರೆ ಹೊನ್ನೆ ಮರದ ಕಂಬ. ಅವನು ಓಟಾನೂ ಪಾಸು. ಹೃದಯ, ಶ್ವಾಸಕೋಶ ಎಷ್ಟು ಆಮ್ಲಜನಕ ಎಳೆದು ಕಾಲಿಗೆ ಮುಟ್ಟಿಸ್ತವೆ ಅನ್ನೋದು ತಕ್ಕಡಿ ಮೇಲೆ ನಿಂತ್ರೆ ಗೊತ್ತಾಗಲ್ಲ.

ಆದ್ರೆ ರೈಟರ್ ಸಾಹೇಬ್ರೇ, ತಪ್ಪು ತಿಳೀಬೇಡಿ. ಚೀಲ ಹೊರೋರು ಆಳುಗಳು, ರೈಟರ್ ಕೈಲಿ ಪುಸ್ತಕ ಅಲ್ವಾ? ಗಂಟೆಗಟ್ಲೆ ನಿಧಾನಕ್ಕೆ ಓಡಾಡೋದು ಒಳ್ಳೇದೇ, ಅಷ್ಟಕ್ಕೇ ದಮ್ಮು ಬರಲ್ಲ. ನೀವು ಹತ್ತಿಸಿದ ಬೆಟ್ಟಕ್ಕೆ ಬಾಮೈದ ಅಭ್ಯಾಸ ಇಲ್ಲದೋನು, ನಿಮಗೆ ದಿನಾ ಏರು. ಹೋಲಿಕೆಯೇ ಸರಿ ಇಲ್ಲ. ಅವನನ್ನ ಬಿಟ್ಟು ನಿಮ್ಮನ್ನೇ ಅಳೀರಿ. ಮನೇಲೇ ಮಾಡಬಹುದು. ಏರಿನಲ್ಲಿ ಏದುಸಿರು ಬರೋ ತನಕ ಜೋರಾಗಿ ಹತ್ತಿ, ನಿಂತ ತಕ್ಷಣ ನಾಡಿ ಎಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಫಿಟ್ ಇರೋನದ್ದು ಸರಕ್ಕನೆ ಇಳಿಯುತ್ತೆ. ಆ ಒಂದು ನಿಮಿಷದಲ್ಲಿ 12ರಷ್ಟೂ ಇಳೀಲಿಲ್ಲ ಅಂದ್ರೆ ಹೃದಯದ ಡಾಕ್ಟರ್ ಹತ್ರ ಹೋಗಿ, ನನ್ನ ಹತ್ರ ಬರಬೇಡಿ.

ಜಿಮ್ಮಲ್ಲಿ ಬರಿಗಾಲಲ್ಲಿ ನಿಲ್ಲಿಸಿ ‘ಬಾಡಿ ಫ್ಯಾಟ್ ಇಷ್ಟು’ ಅಂತ ಚೀಟಿ ಕೊಡೋ ಮಿಷನ್ನಿಗೆ ದುಡ್ಡು ಹಾಕಬೇಡಿ. ಅದು ಮೈಯೊಳಗೆ ಸಣ್ಣ ಕರೆಂಟ್ ಹರಿಸಿ ಅಂದಾಜು ಮಾಡೋದು. ಒಂದು ಲೀಟರ್ ನೀರು ಕುಡಿದು ಹೋದ್ರೆ ಒಂದು ಹೇಳುತ್ತೆ, ಬೆವರು ಸುರಿಸಿ ಹೋದ್ರೆ ಇನ್ನೊಂದು ಹೇಳುತ್ತೆ.

ಆಲ್ದೂರು ರೈಟರ್

ಕೋಚ್ ಸಾರ್, ಆಳು ಸಿಗೋ ಕಾಲ ಹೋಗಿ ಎಷ್ಟೋ ಆಯ್ತು. ಪೊಟ್ಯಾಷ್ ಲಾರಿ ಬಂದ್ರೆ ರೈಟರೂ ಹೆಗಲು ಕೊಡ್ಬೇಕು, ಸಾಹುಕಾರ್ರೂ ಕೊಡ್ಬೇಕು. ಇರಲಿ, ನಾಡಿ ನೋಡಿದೆ: ಕಣದಿಂದ ಬಂಗಲೆ ತನಕ ಏರು ಹತ್ತಿ ನಿಂತಾಗ 148, ಒಂದು ನಿಮಿಷಕ್ಕೆ 117.

ಅಕ್ಕ, ಟೇಪ್ ಹೆಂಡತಿ ಕೈಲಿ ಹಿಡಿಸಿದೆ. ನಾನು ಹಿಡಿದ್ರೆ ಸಡಿಲ ಬಿಡ್ತೀನಂತೆ. 89 ಬಂತು. ಅಂದ್ರೆ ಪಾಸ್ ತಾನೇ?

ಲ್ಯಾಬ್ ಅಕ್ಕ, ಹಾಸನ

90ರ ಲೆಕ್ಕದಲ್ಲಿ ಒಂದು ಸೆಂ.ಮೀ. ಉಳಿಸಿಕೊಂಡಿದೀರ. ಎತ್ತರದ ಅರ್ಧ 84, ಆ ಲೆಕ್ಕದಲ್ಲಿ 5 ಜಾಸ್ತಿ. ಎರಡು ಅಳತೆ ಎರಡು ಮಾತು ಹೇಳಿದಾಗ ರಕ್ತ ನೋಡೋದೇ ದಾರಿ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳೋ ರಕ್ತಪರೀಕ್ಷೆ) 5.7ಕ್ಕಿಂತ ಕೆಳಗಿದ್ರೆ ನೆಮ್ಮದಿ, 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5ರಿಂದ ಕಾಯಿಲೆ. ಜೊತೆಗೆ ಟ್ರೈಗ್ಲಿಸರೈಡ್, ಎಚ್‌ಡಿಎಲ್ (ಒಳ್ಳೇ ಕೊಲೆಸ್ಟ್ರಾಲ್), ಬಿ.ಪಿ. ನೋಡಿಸಿ. ನಾಡಿ ಮೂವತ್ತರಷ್ಟು ಇಳಿದಿರೋದು ಚೆನ್ನಾಗಿದೆ, ಅದಕ್ಕೆ ಕೋಚ್ ಶಹಬ್ಬಾಸ್ ಅಂತಾರೆ. ಸಕ್ಕರೆಯನ್ನ ನಾಡಿ ಹೇಳಲ್ಲ.

ಬೇಲೂರು ಸೊಸೆ

ಗಂಡಸರ ಸ್ನಾಯುವಿನ ಮಾತೇ ಆಯ್ತು. ನಮ್ಮ ಅತ್ತೆ ವಿಷಯ ಹೇಳ್ತೀನಿ. 67 ವರ್ಷ, ಬಿಎಂಐ 22, ಪ್ರತಿ ಸಲ ‘ತೂಕ ಸರಿಯಾಗಿದೆ ಅಮ್ಮ’ ಅಂತ ಬರೆದು ಕಳಿಸ್ತಾರೆ. ಮದುವೆ ಸೀರೆಯ ಬ್ಲೌಸ್ ತೋಳು ಈಗ ಅವರಿಗೆ ಜೋಲು, ಸೊಂಟದ ಹತ್ರ ಹುಕ್ ಸೇರಲ್ಲ. ತೂಕ ಅಷ್ಟೇ ಇದ್ರೂ ತೋಳು ತೊಡೆ ಕರಗಿ ಹೊಟ್ಟೆಗೆ ಬಂದಿದೆ ಅಂತ ನನಗೆ ಹೊಳೆದದ್ದು ಹಾಗೆ. ರೊಟ್ಟಿ ತಟ್ಟೋ ಮಣೆಯಿಂದ ಏಳಬೇಕಾದ್ರೆ ಗೋಡೆ ಹಿಡೀತಾರೆ. ಫಿಸಿಯೋಥೆರಪಿಯವರು ಕುರ್ಚಿ ಮೇಲೆ ಕೂರಿಸಿ, ಕೈ ಎದೆಗೆ ಕಟ್ಟಿಸಿ, ಐದು ಸಲ ಎದ್ದು ಕೂತ್ಕೊಳ್ಳಿ ಅಂದ್ರು. 15 ಸೆಕೆಂಡಿಗಿಂತ ಜಾಸ್ತಿ ಹಿಡಿದ್ರೆ ಸ್ನಾಯು ಬಲ ಕಮ್ಮಿ ಅಂತ ಲೆಕ್ಕವಂತೆ. ಅತ್ತೆಗೆ ಮೂರನೇ ಸಲಕ್ಕೇ ಆಗಲಿಲ್ಲ. ಈಗ ದಿನಾ ಟೀವಿ ಮುಂದೆ ಕುರ್ಚಿಯಿಂದ ಏಳೋದು ಕೂರೋದು, ಜೊತೆಗೆ ಎರಡು ಮೊಟ್ಟೆ. ಮೊಟ್ಟೆಗೆ ಒಪ್ಪಿಸೋಕೇ ಕಷ್ಟ ಆಯ್ತು.

ಲ್ಯಾಬ್ ಅಕ್ಕ, ಮಗಳಿಗೆ ಹನ್ನೊಂದು ವರ್ಷ. ಮೊಬೈಲಲ್ಲಿ ಹಾಕಿ ನೋಡಿದ್ರೆ 16 ಅಂತ ತೋರಿಸಿ ‘ಕಡಿಮೆ ತೂಕ’ ಅಂತು. ಭಯ ಪಡಬೇಕಾ?

ಲ್ಯಾಬ್ ಅಕ್ಕ, ಹಾಸನ

ದೊಡ್ಡವರ 18.5ರ ಗೆರೆ ಮಕ್ಕಳಿಗಲ್ಲಮ್ಮ. ಮಕ್ಕಳಿಗೆ ವಯಸ್ಸು, ಗಂಡು ಹೆಣ್ಣು ನೋಡಿ ಬೇರೆ ಪಟ್ಟಿ ಇದೆ, ಮಕ್ಕಳ ಡಾಕ್ಟರ್ ಹತ್ರ ಇರುತ್ತೆ. ಹನ್ನೊಂದಕ್ಕೆ 16 ಹೆದರೋ ಅಂಕಿ ಅಲ್ಲ. ಆ ಆ್ಯಪ್ ತೆಗೆದುಹಾಕಿ.

ರೈಟರ್ ಅಣ್ಣ, ವಿಮೆ ವಿಷಯ ಬಿಟ್ಟೇ ಹೋಗಿತ್ತು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರ ತಜ್ಞರ ಆಯೋಗವೇ ಹೇಳಿದೆ: ಬಿಎಂಐ ಒಂದನ್ನೇ ಹಿಡಿದು ಒಬ್ಬರಿಗೆ ಬೊಜ್ಜಿನ ಕಾಯಿಲೆ ಇದೆ ಅನ್ನಬಾರದು, ಸೊಂಟದಂಥ ಇನ್ನೊಂದು ಅಳತೆಯಾದರೂ ಬೇಕು, ಬಿಎಂಐ 40 ದಾಟಿದವರ ಮಾತು ಬೇರೆ. ಬೊಜ್ಜಿದ್ದೂ ಅಂಗಾಂಗ ಚೆನ್ನಾಗಿ ಕೆಲಸ ಮಾಡ್ತಿರೋರನ್ನ, ಕೆಲಸ ಕೆಟ್ಟವರನ್ನ ಬೇರೆ ಬೇರೆ ನೋಡಿ ಅಂತಲೂ ಇದೆ. ಇದನ್ನ ಓದಿ ವಿಮೆಯವರು ಪ್ರೀಮಿಯಂ ಇಳಿಸ್ತಾರೆ ಅಂತ ನಾನು ಹೇಳಲ್ಲ, ಅವರದ್ದು ಒಬ್ಬ ಮನುಷ್ಯನ ಲೆಕ್ಕ ಅಲ್ಲ, ಲಕ್ಷ ಜನರ ಲೆಕ್ಕ, ಅಲ್ಲಿ ಬಿಎಂಐ ಕೆಲಸಕ್ಕೆ ಬರುತ್ತೆ. ರಕ್ತದ ರಿಪೋರ್ಟ್ ಚೆನ್ನಾಗಿ ಬಂದ್ರೆ ಅದನ್ನಿಟ್ಟು ಮರುಪರಿಶೀಲನೆಗೆ ಬರೆದು ಕೇಳಿ, ಇನ್ನೆರಡು ಕಡೆ ರೇಟೂ ವಿಚಾರಿಸಿ. ಏಜೆಂಟ್ ಮಾತು ಕೇಳಿ ಫಾರಂನಲ್ಲಿ ತೂಕ ಕಮ್ಮಿ ಬರೆಯೋಕೆ ಮಾತ್ರ ಹೋಗಬೇಡಿ, ಕ್ಲೈಮ್ ಬಂದಾಗ ಅದೇ ನೆಪ ಆಗುತ್ತೆ.

ಎಚ್‌ಬಿಎ1ಸಿಗೆ ಉಪವಾಸ ಬೇಕಿಲ್ಲ. ಟ್ರೈಗ್ಲಿಸರೈಡ್‌ಗೆ ರಾತ್ರಿ ಊಟ ಆದ ಮೇಲೆ ನೀರು ಬಿಟ್ಟು ಏನೂ ಬೇಡ. ಕಾಫಿ ಸೀಮೆಯವರಿಗೆ ಬಿಡಿಸಿ ಹೇಳಬೇಕು: ಬೆಳಿಗ್ಗೆ ಕಾಫಿಯೂ ಬೇಡ.

ಆಲ್ದೂರು ರೈಟರ್

ಕಾಫಿ ಬಿಟ್ಟು ಹಾಜರಿ ಕರೆಯೋದು ಕಷ್ಟ ಅಕ್ಕ, ಆದ್ರೂ ಸೋಮವಾರ ಹೋಗ್ತೀನಿ, ಅವತ್ತು ಸಂತೆ ರಜೆ. ಬಾಮೈದನಿಗೂ ಆ 22.3ರ ಕತೆ ಕಳಿಸಿ, ನೀನೂ ಮಾಡಿಸು ಅಂದೆ. ಹೆಬ್ಬೆರಳು ಒತ್ತಿ ಸುಮ್ಮನಾಗಿದಾನೆ. ಅವನ ಹೆಂಡತಿಗೆ ಫಾರ್ವರ್ಡ್ ಮಾಡಿದೀನಿ.