ಎಚ್ 24 ಅಂದರೆ ಎಷ್ಟು ಮೀಟರ್? ಕ್ಷುದ್ರಗ್ರಹದ ಗಾತ್ರ, ಸಂಖ್ಯೆಯ ಲೆಕ್ಕ

ನಭನೋಟ (ಪ್ರಶ್ನೆ):
2024 ವೈಆರ್4 ಕ್ಷುದ್ರಗ್ರಹ ಪತ್ತೆಯಾದಾಗ 40ರಿಂದ 90 ಮೀಟರ್ ಅಂದರು, ಆಮೇಲೆ 60 ಅಂದರು. ಗಾತ್ರದಲ್ಲಿ ಮಾತ್ರ ಇಷ್ಟು ಅಂತರ ಯಾಕೆ? ಇನ್ನೊಂದು: ಭೂಮಿಯ ಹತ್ತಿರ ಸುಳಿಯುವ 140 ಮೀಟರ್‌ಗಿಂತ ದೊಡ್ಡವು ಸುಮಾರು 25,000 ಇವೆ, ಅರ್ಧದಷ್ಟೂ ಸಿಕ್ಕಿಲ್ಲ ಅಂತಾರೆ. ಸಿಗದೇ ಇರೋದನ್ನ ಎಣಿಸಿದ್ದು ಹೇಗೆ?

ಕರಿಗಲ್ಲು:
ದೂರದರ್ಶಕದಲ್ಲಿ ಅದು ಬರೀ ಚುಕ್ಕೆ. ಅಳೆಯೋದು ಹೊಳಪನ್ನ, ಅಗಲವನ್ನಲ್ಲ. ಸೂರ್ಯನಿಂದಲೂ ಭೂಮಿಯಿಂದಲೂ 1 ಖಗೋಳಮಾನ (ಭೂಮಿ–ಸೂರ್ಯರ ಸರಾಸರಿ ಅಂತರ) ದೂರದಲ್ಲಿ, ಪೂರ್ತಿ ಬೆಳಗಿದ ಮುಖ ಕಂಡರೆ ಎಷ್ಟು ಕಾಂತಿಮಾನ (ಹೊಳಪಿನ ಅಳತೆ; ಮಸುಕಾದಷ್ಟೂ ಸಂಖ್ಯೆ ದೊಡ್ಡದು) ಬರಬೇಕೋ ಅದೇ ಎಚ್. ಅಲ್ಲಿಂದ (ಆಲ್ಬೆಡೊ ಅಂದರೆ ನೇರ ಎದುರಿನಿಂದ ನೋಡಿದಾಗ ಮೇಲ್ಮೈ ಎಷ್ಟು ಬಿಳುಪು ಅನ್ನೋ ಅಳತೆ):

ವ್ಯಾಸ (ಕಿ.ಮೀ.) = (1329 ÷ √ಆಲ್ಬೆಡೊ) × 10^(−ಎಚ್/5)

ವೈಆರ್4ರ ಎಚ್ ಸುಮಾರು 24. ಆಲ್ಬೆಡೊ 0.25 ಹಾಕಿದರೆ 42 ಮೀ., 0.05 ಹಾಕಿದರೆ 94 ಮೀ. ಸುದ್ದಿಯ 40–90 ಇದೇ. ಕಲ್ಲು ಕಪ್ಪೋ ಬಿಳುಪೋ ಗೊತ್ತಿಲ್ಲ, ಅಷ್ಟೇ. ಸಾಂದ್ರತೆ ಒಂದೇ ಅಂದುಕೊಂಡರೂ ದ್ರವ್ಯರಾಶಿಯಲ್ಲಿ ಇದು 11 ಪಟ್ಟು ವ್ಯತ್ಯಾಸ.

ಎಚ್ ಕೂಡ ಪೂರಾ ನಂಬೋ ಹಾಗಿಲ್ಲ. ಬೇರೆ ಬೇರೆ ಫಿಲ್ಟರ್‌ಗಳ ಅಳತೆ ಬೆರೆತಿರುತ್ತೆ, ಉದ್ದನೆಯ ಕಲ್ಲು ಉರುಳುತ್ತಾ ಮಿನುಗುತ್ತೆ. 0.3 ತಪ್ಪಿದರೆ ವ್ಯಾಸ ಸುಮಾರು 15% ತಪ್ಪುತ್ತೆ.

ಅವಗೆಂಪು:
60 ಬಂದದ್ದು ಶಾಖದಿಂದ, ಅಂದರೆ ಕಲ್ಲು ಸೂಸುವ ಅವಗೆಂಪು ಬೆಳಕಿನಿಂದ. 2025ರ ಮಾರ್ಚ್‌ನಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಅಳೆದು 60±7 ಮೀ. ಅಂತ ಕೊಟ್ಟಿತು. ಆಲ್ಬೆಡೊ 0.05 ಇರುವ ಕಲ್ಲು ಬಿದ್ದ ಬಿಸಿಲಿನ ಸುಮಾರು 98% ಹೀರುತ್ತೆ, 0.25 ಇರುವುದು 90%. ಹೊಳಪಲ್ಲಿ ಐದು ಪಟ್ಟು ಅಂತರ ಇದ್ದರೂ ಶಾಖದಲ್ಲಿ ಹೆಚ್ಚುಕಡಿಮೆ ಸಮ. ಹಾಗಾಗಿ ಶಾಖ ನೇರವಾಗಿ ಗಾತ್ರವನ್ನೇ ಹೇಳುತ್ತೆ. 60 ಮೀ.ಯನ್ನು ಮೇಲಿನ ಸೂತ್ರಕ್ಕೆ ತಿರುಗಿ ಹಾಕಿದರೆ ಆಲ್ಬೆಡೊ 0.12ರ ಆಸುಪಾಸು.

ಆದರೆ ತಿರುಗುವ ವೇಗ, ಮೇಲ್ಮೈಯ ಒರಟು, ಶಾಖ ಹಿಡಿದಿಡುವ ಗುಣ ಎಲ್ಲವನ್ನೂ 'ಈಟಾ' ಅನ್ನೋ ಒಂದೇ ಸಂಖ್ಯೆಯಲ್ಲಿ ಅಡಗಿಸುತ್ತಾರೆ. ಒಂದೇ ತರಂಗಾಂತರದ ದತ್ತ ಇದ್ದರೆ ಅದನ್ನ ಊಹಿಸಬೇಕು, ದೋಷ ಹೆಚ್ಚುತ್ತೆ.

ಎಣಿಕೆಗಾರ:
ಸಂಖ್ಯೆಯ ವಿಷಯಕ್ಕೆ ಬರ್ತೀನಿ. ಕೆರೆಯ ಮೀನಿಗೆ ಗುರುತು ಹಾಕಿ ಬಿಟ್ಟು ಮತ್ತೆ ಬಲೆ ಬೀಸೋ ವಿಧಾನವೇ ಇದು. ಉದಾಹರಣೆಗೆ, ಒಂದು ಎಚ್ ವ್ಯಾಪ್ತಿಯಲ್ಲಿ ಈ ತಿಂಗಳು ಕಂಡ 100ರಲ್ಲಿ 40 ಈಗಾಗಲೇ ಪಟ್ಟಿಯಲ್ಲಿದ್ದರೆ, ಪಟ್ಟಿ 40% ತುಂಬಿದೆ. ಪಟ್ಟಿಯಲ್ಲಿ 10,000 ಇದ್ದರೆ ಒಟ್ಟು 25,000.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಕೆಡುತ್ತೆ. ಸುಲಭವಾಗಿ ಕಾಣೋ ಕಕ್ಷೆಯವೇ ಮತ್ತೆ ಮತ್ತೆ ಸಿಗುತ್ತವೆ. ಭೂಮಿಯಂಥದ್ದೇ ಕಕ್ಷೆಯವು ವರ್ಷಗಟ್ಟಲೆ ಸೂರ್ಯನ ಕಡೆಯೇ ಉಳಿಯುತ್ತವೆ. ವೇಗವಾಗಿ ಸಾಗುವ ಸಣ್ಣವು ಚಿತ್ರದಲ್ಲಿ ಗೆರೆಯಾಗಿ ಮಸುಕಾಗುತ್ತವೆ. ಅದಕ್ಕೇ ಕೃತಕ ಸಮೂಹವೊಂದನ್ನು ಸೃಷ್ಟಿಸಿ, ಸಮೀಕ್ಷೆ ನಿಜವಾಗಿ ನೋಡಿದ ದಿಕ್ಕು, ರಾತ್ರಿ, ಮಿತಿ ಕಾಂತಿಮಾನಗಳನ್ನೇ ಅದಕ್ಕೆ ಅನ್ವಯಿಸಿ ಎಷ್ಟು ತಪ್ಪಿಸಿಕೊಳ್ಳುತ್ತವೆ ಅಂತ ನೋಡ್ತಾರೆ. 2011ರಲ್ಲಿ ನಾಸಾದ ನಿಯೋವೈಸ್ ಅವಗೆಂಪು ಸಮೀಕ್ಷೆಯ ತಂಡ ಹೀಗೇ 1 ಕಿ.ಮೀ.ಗಿಂತ ದೊಡ್ಡವು 981±19 ಅಂತ ಲೆಕ್ಕ ಹಾಕಿತು.

'ಎಚ್ 22 ಅಂದರೆ 140 ಮೀ.' ಅನ್ನೋದು ಆಲ್ಬೆಡೊ 0.14 ಆಗಿದ್ದರೆ ಮಾತ್ರ. 0.05 ಇದ್ದರೆ ಅದೇ ಎಚ್‌ಗೆ 237 ಮೀ.

ನಭನೋಟ:
ಆಕಾಶದ ಚಿತ್ರ ಅಳೆಯುವ ಆಸ್ಟ್ರೊಮೆಟ್ರಿಕಾ ತಂತ್ರಾಂಶದಲ್ಲಿ ಅಳೆದ ಕಾಂತಿಮಾನವನ್ನೇ ಎಚ್ ಜಾಗಕ್ಕೆ ಹಾಕಬಹುದಾ?

ಕರಿಗಲ್ಲು:
ಬೇಡ. ಮೊದಲು 5 × ಲಾಗ್(ಸೂರ್ಯದೂರ × ಭೂದೂರ) ಕಳೆಯಿರಿ, ದೂರಗಳು ಖಗೋಳಮಾನದಲ್ಲಿ. ಆಮೇಲೆ ಕಲಾಕೋನದ (ಕಲ್ಲಿನಿಂದ ನೋಡಿದರೆ ಸೂರ್ಯನಿಗೂ ಭೂಮಿಗೂ ನಡುವಿನ ಕೋನ) ತಿದ್ದುಪಡಿ ಕಳೆಯಿರಿ. ಕೋನ ಹೆಚ್ಚಿದಂತೆ ಹೊಳಪು ಹೇಗೆ ಇಳಿಯುತ್ತೆ ಅಂತ ಹೇಳುವ ಸಂಖ್ಯೆ 'ಜಿ' 0.15 ಇಟ್ಟುಕೊಂಡರೆ 60 ಡಿಗ್ರಿಯಲ್ಲಿ ಅದು ಸುಮಾರು 2.1. ಇದನ್ನ ಬಿಟ್ಟರೆ ವ್ಯಾಸ ಎರಡೂವರೆ ಪಟ್ಟಿಗಿಂತಲೂ ಚಿಕ್ಕದಾಗಿ ಬರುತ್ತೆ.