ದಾವಣಗೆರೆ–ಹರಪನಹಳ್ಳಿ ಕಡೆ ವಂಶಾವಳಿ ಹುಡುಕಲು ಮೂರು ದಿನ: ಎಲ್ಲಿಂದ ಶುರು ಮಾಡಲಿ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ಮುತ್ತಜ್ಜನ ಊರು ದಾವಣಗೆರೆ ತಾಲ್ಲೂಕು ಮಾಯಕೊಂಡ ಹೋಬಳಿ, ಮುತ್ತಜ್ಜಿಯ ತವರು ಹರಪನಹಳ್ಳಿ ಸೀಮೆ. ಮುತ್ತಜ್ಜನ ತಂದೆ ಮತ್ತು ಅವರ ಅಣ್ಣತಮ್ಮಂದಿರ ಹೆಸರು ಬೇಕು. ಕೈಯಲ್ಲಿರುವುದು ಈಗಿನ ಒಂದು ಪಹಣಿ, "ಪ್ಲವ ಸಂವತ್ಸರ" ಅಂತಷ್ಟೇ ಇರುವ ಒಂದು ಹಳೆಯ ಪಾಲುಪತ್ರ. ಗುರುವಾರದಿಂದ ಶನಿವಾರದವರೆಗೆ ಬಿಡುವಿದೆ. ಮೊದಲು ಚಿತ್ರದುರ್ಗಕ್ಕೆ ಹೋಗಬೇಕೋ, ಬೆಂಗಳೂರಿನ ಪತ್ರಾಗಾರಕ್ಕೋ?

ಕೋಟೆನಾಡು:
ಸದ್ಯಕ್ಕೆ ಎರಡೂ ಬೇಡ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ನಿಜ. ಆದರೆ ಕೈಬರಹದ ಪಹಣಿ, ಮ್ಯುಟೇಶನ್ ಪುಸ್ತಕ (ಎಂ.ಆರ್., ಜಮೀನು ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಬದಲಾದದ್ದರ ದಾಖಲೆ) ಹುಡುಕಬೇಕಾದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ.

ನಿಮ್ಮ ಪಹಣಿಯ 10ನೇ ಕಾಲಂ ನೋಡಿ, ಜಮೀನು ಹೇಗೆ ಬಂತು ಅಂತ ಎಂ.ಆರ್. ನಂಬರ್ ಸಮೇತ ಇರುತ್ತದೆ. ಆ ಎಂ.ಆರ್. ನಕಲು ತೆಗೆಸಿದರೆ ಹಿಂದಿನ ಖಾತೆದಾರರು ಸಿಗುತ್ತಾರೆ, ಅವರ ಹೆಸರು ಹಿಡಿದು ಅದಕ್ಕೂ ಹಿಂದಿನ ಎಂ.ಆರ್.ಗೆ ಹೋಗಿ. "ಕ್ರಯ" ಅಂತಿದ್ದರೆ ಕೊಟ್ಟವರು ನೆಂಟರೇ ಆಗಿರಬೇಕಿಲ್ಲ. "ಪೌತಿ" (ಖಾತೆದಾರರು ತೀರಿಕೊಂಡ ಮೇಲಿನ ಬದಲಾವಣೆ) ಅಂತ ಕಂಡರೆ ಮಾತ್ರ ಪೂರ್ತಿ ಓದಿ: ತೀರಿಕೊಂಡವರು, ವಾರಸುದಾರರು, ಅದೃಷ್ಟವಿದ್ದರೆ ವಂಶವೃಕ್ಷವೂ ಅದರಲ್ಲೇ ಸಿಗುತ್ತದೆ. ಗೇಣಿ ಜಮೀನಾಗಿದ್ದರೆ ಭೂನ್ಯಾಯಮಂಡಳಿಯ ನಮೂನೆ 7ರ (ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಗೇಣಿದಾರರು ಹಾಕಿದ ಅರ್ಜಿ) ಕಡತವನ್ನೂ ಕೇಳಿ.

ಬಹಳ ಜನ ಸೋಲುವುದು ಹಿಸ್ಸಾ ನಂಬರಿನಲ್ಲಿ, ಅಂದರೆ ಸರ್ವೆ ನಂಬರ್ ಭಾಗವಾದಾಗ ಬರುವ ಉಪಸಂಖ್ಯೆಯಲ್ಲಿ. ಈಗ 45/2ಬಿ ಆಗಿರುವುದು ಹಿಂದೆ 45/2, ಅದಕ್ಕೂ ಹಿಂದೆ ಬರೀ 45. ಹಳೆಯ ಪುಸ್ತಕದಲ್ಲಿ 45/2ಬಿ ಕೇಳಿದರೆ "ಇಲ್ಲ" ಅನ್ನುವ ಉತ್ತರವೇ ಬರುತ್ತದೆ. ಪೋಡಿ (ಜಮೀನು ಅಳೆದು ಭಾಗ ಮಾಡುವುದು) ಯಾವಾಗ ಆಯಿತು ಅಂತ ಸರ್ವೆ ಶಾಖೆಯಲ್ಲಿ ಮೊದಲು ತಿಳಿದುಕೊಂಡು, ಅರ್ಜಿಯಲ್ಲಿ ಗ್ರಾಮ, ಹೋಬಳಿ, ಹಳೆಯ ನಂಬರ್, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಬಿಡಿಸಿ ಬರೆಯಿರಿ. ನಕಲು ಅದೇ ದಿನ ಸಿಗುತ್ತದೆ ಅಂತ ನಂಬಬೇಡಿ, ಊರಲ್ಲಿರುವ ಯಾರಿಂದಾದರೂ ಒಂದು ವಾರ ಮೊದಲೇ ಅರ್ಜಿ ಕೊಡಿಸಿ. ಎರಡನೇ, ನಾಲ್ಕನೇ ಶನಿವಾರ ಕಚೇರಿಗೆ ರಜೆ, ದಿನ ಗೊತ್ತು ಮಾಡುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ.

ತುಂಗೆಯ ದಡ:
ಹರಪನಹಳ್ಳಿಯ ಲೆಕ್ಕವೇ ಬೇರೆ. 1953ರವರೆಗೆ ಅದು ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ ದಾವಣಗೆರೆಯಲ್ಲಿ ಕೇಳಿ ದಿನ ಕಳೆಯಬೇಡಿ, ನೇರ ಹರಪನಹಳ್ಳಿ ತಾಲ್ಲೂಕು ಕಚೇರಿಗೇ ಹೋಗಿ. ಅಲ್ಲಿನ ಹಳೆಯ ಕಾಗದಗಳಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಇರುತ್ತದೆ. 590 ಕೂಡಿಸಿದರೆ ಇಸವಿ: ಫಸಲಿ 1359 ಅಂದರೆ 1949ರ ಜುಲೈಯಿಂದ 1950ರ ಜೂನ್.

ಪ್ಲವ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ, ನಿಮ್ಮದು 1901–02 ಅಥವಾ 1961–62 ಇರಬೇಕು. ಛಾಪಾ ಕಾಗದವನ್ನು ಬೆಳಕಿಗೆ ಹಿಡಿದು ಲಾಂಛನ ನೋಡಿ. ಗಂಡಭೇರುಂಡ ಇದ್ದರೆ ಮೈಸೂರು ಸಂಸ್ಥಾನದ ಕಾಲದ್ದು, ಅಶೋಕಸ್ತಂಭದ ಸಿಂಹ ಇದ್ದರೆ ಸ್ವಾತಂತ್ರ್ಯದ ನಂತರದ್ದು. ಹಿಂಬದಿಯಲ್ಲಿ ಸಬ್‌ರಿಜಿಸ್ಟ್ರಾರ್ ಮೊಹರು ಇದ್ದರೆ ದಸ್ತಾವೇಜು ನಂಬರ್, ಸಂಪುಟ, ಪುಟ ಬರೆದುಕೊಳ್ಳಿ. ಅಷ್ಟಿದ್ದರೆ ನೋಂದಣಿ ಕಚೇರಿಯಲ್ಲಿ ಹುಡುಕುವುದು ಬಹಳ ಹಗುರ. ಕನ್ನಡ ಅಂಕಿಯಲ್ಲಿ ೬ ಮತ್ತು ೯ ಅದಲುಬದಲಾಗುತ್ತವೆ, ಅದೇ ಕೈಬರಹದ ಬೇರೆ ಸಾಲಿನ ಅಂಕಿಗೆ ಹೋಲಿಸಿ ನೋಡಿ.

ಸುಗ್ಗಿಕಣ:
ಮುತ್ತಜ್ಜಿ ಕಡೆಯವರನ್ನು ಬರೀ ಪಹಣಿಯಲ್ಲಿ ಹುಡುಕಿದರೆ ನಿರಾಸೆ ಆಗುತ್ತದೆ. ಆ ಕಾಲದ ಜಮೀನು ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರು ಬಲು ಅಪರೂಪ. ಅದಕ್ಕೆ ಹೆಳವರನ್ನು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗಿ ಓದಿ ಹೇಳುವವರನ್ನು ಹಿಡಿಯಬೇಕು. ಇಂತಿಂಥ ಮನೆತನ ಇಂಥ ಹೆಳವರಿಗೆ ಅಂತ ಹಂಚಿಕೆ ಇರುತ್ತದೆ, ಸಿಕ್ಕ ಹೆಳವರೆಲ್ಲರ ಹತ್ತಿರ ನಿಮ್ಮ ಪುಸ್ತಕ ಇರುವುದಿಲ್ಲ. "ನಮ್ಮ ಮನೆಗೆ ಬರುವ ಹೆಳವರು ಯಾವ ಊರಿನವರು?" ಅಂತ ಮುತ್ತಜ್ಜಿಯ ತವರಿನ ಹಿರಿಯರನ್ನು ಕೇಳಿ. ಸುಗ್ಗಿ ಮುಗಿದ ಮೇಲೆ ಅವರು ತಿರುಗಾಟದಲ್ಲಿರುತ್ತಾರೆ, ಹಾಗಾಗಿ ಫೋನ್ ಮಾಡಿಯೇ ಹೊರಡಿ. ಮನೆದೇವರು, ಬೆಡಗು (ಕುಲದೊಳಗಿನ ಪಂಗಡ, ಗೋತ್ರದ ಹಾಗೆ), ಮೂಲ ಊರು ಈ ಮೂರನ್ನು ಹೇಳಿದರೆ ಅವರಿಗೆ ಪುಟ ತೆಗೆಯುವುದು ಸಲೀಸು. ಕಾಳು, ಬಟ್ಟೆ ಅಥವಾ ಹಣ ಕಾಣಿಕೆ ಕೊಡುವುದು ಪದ್ಧತಿ. ಅವರು ಓದುವಾಗ ಒಪ್ಪಿಗೆ ಕೇಳಿ ಧ್ವನಿ ಮುದ್ರಿಸಿಕೊಳ್ಳಿ, ಹೆಸರುಗಳು ಬರೆದುಕೊಳ್ಳಲಾಗದಷ್ಟು ವೇಗವಾಗಿ ಬರುತ್ತವೆ.